ಮಾತಾಡಿಯೇ ಕೊಲ್ಲುವ ವಿದ್ಯೆ

ಅಮೆರಿಕದ ಸೆನೆಟ್‌ನಲ್ಲಿ ನೂರು ಮಂದಿ. ಮಸೂದೆಯೊಂದು ಪಾಸಾಗಲು 51 ಮತ ಸಾಕು ಎಂದು ಕೂಡುವುದು ಕಳೆಯುವುದು ಕಲಿತ ಯಾವ ಹುಡುಗನೂ ಹೇಳಿಯಾನು. ಹುಡುಗ ಫೇಲು. ಪಾಸಾಗಲು 51 ಸಾಕು ನಿಜ. ಆದರೆ 'ಚರ್ಚೆ ಸಾಕು, ಇನ್ನು ಮತಕ್ಕೆ ಹಾಕೋಣ' ಎನ್ನಲು 60 ಬೇಕು. ಈ ಚಮತ್ಕಾರಕ್ಕೆ ಫಿಲಿಬಸ್ಟರ್ ಎಂದು ಹೆಸರು. ಚರ್ಚೆಗೆ ಕೊನೆಯಿಲ್ಲದಂತೆ ಮಾಡಿ, ಮಸೂದೆ ಮತದಾನದ ಹೊಸ್ತಿಲನ್ನೇ ದಾಟದಂತೆ ನೋಡಿಕೊಳ್ಳುವ ಹಕ್ಕು.

ಇದು ಸಂವಿಧಾನ ಬರೆದ ಹಿರಿಯರ ದೂರದೃಷ್ಟಿ ಎಂದು ಸೆನೆಟರುಗಳು ಕಣ್ಣಿಗೊತ್ತಿಕೊಳ್ಳುತ್ತಾರೆ. ಸಂವಿಧಾನದಲ್ಲಿ ಇದರ ಸುಳಿವೂ ಇಲ್ಲ. 1805ರಲ್ಲಿ ಉಪಾಧ್ಯಕ್ಷ ಏರನ್ ಬರ್ ಮಹಾಶಯರು (ಅದರ ಹಿಂದಿನ ವರ್ಷವಷ್ಟೇ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರನ್ನು ದ್ವಂದ್ವದಲ್ಲಿ ಗುಂಡಿಟ್ಟು ಕೊಂದು ಕೈ ತೊಳೆದುಕೊಂಡವರು) ಸೆನೆಟ್‌ನ ನಿಯಮಗಳಲ್ಲಿ ಕಸ ಜಾಸ್ತಿಯಾಗಿದೆ, ಗುಡಿಸಿ ಎಂದರು. ಮರುವರ್ಷ ಗುಡಿಸಿದಾಗ, ಚರ್ಚೆ ಮುಗಿಸಲು ಬಳಸಬಹುದಾಗಿದ್ದ ನಿಯಮವೂ ಕಸದ ಜತೆ ಹೊರಗೆ ಬಿತ್ತು. ಸುಮಾರು ಮೂವತ್ತು ವರ್ಷ ಯಾರೂ ಅದರ ಲಾಭ ಪಡೆಯಲಿಲ್ಲ. ಆಮೇಲೆ ಬಾಗಿಲಿಗೆ ಅಗುಳಿಯಿಲ್ಲ ಎಂಬುದು ಗೊತ್ತಾದದ್ದೇ ತಡ, ಶುರುವಾಯಿತು ನೋಡಿ.

1935ರಲ್ಲಿ ಲೂಸಿಯಾನದ ಹ್ಯೂಯಿ ಲಾಂಗ್ ಹದಿನೈದೂವರೆ ಗಂಟೆ ಮಾತಾಡಿದರು. ಸಂವಿಧಾನ ಓದಿ ಮುಗಿಯಿತು, ಕರಿದ ಸಿಂಪಿಯ ಪಾಕವಿಧಾನ ಬಂತು, ಸೊಪ್ಪು ಬೇಯಿಸಿದ ಕಟ್ಟಿನ ರುಚಿಯ ವರ್ಣನೆಯೂ ಆಯಿತು. ನಸುಕಿಗೆ ಅವರನ್ನು ಕೂರಿಸಿದ್ದು ಎದುರಾಳಿಗಳ ವಾದವಲ್ಲ, ಮೂತ್ರಕೋಶ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳೂ ಇರುಳಿಡೀ ಮಾತಾಡುತ್ತಾರೆ. ಆದರೆ ಅಲ್ಲಿ ಬೆಳಗಾಗುವುದರೊಳಗೆ ಕರ್ಣನಾದರೂ ಸಾಯುತ್ತಾನೆ, ಪ್ರಸಂಗ ಮುಗಿಯುತ್ತದೆ. ಸೆನೆಟ್‌ನಲ್ಲಿ ಸಾಯುವುದು ಮಸೂದೆ ಮಾತ್ರ, ಪ್ರಸಂಗ ಮುಗಿಯುವುದೇ ಇಲ್ಲ.

ಮೂತ್ರಕೋಶದ ಪಾಠವನ್ನು ಸರಿಯಾಗಿ ಕಲಿತವರು ಸೌತ್ ಕ್ಯಾರೊಲಿನಾದ ಸ್ಟ್ರೋಮ್ ಥರ್ಮಂಡ್. 1957ರ ಆಗಸ್ಟ್‌ನಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಮಸೂದೆಯನ್ನು ತಡೆಯಲು ನಿಂತಾಗ ಅವರು ಮೊದಲೇ ಹಬೆಸ್ನಾನ ಮಾಡಿ ಮೈಯ ನೀರನ್ನೆಲ್ಲ ಬೆವರಾಗಿ ಇಳಿಸಿಕೊಂಡು ಬಂದಿದ್ದರು. ಬೇಕಾದೀತೆಂದು ಪಕ್ಕದ ಕೋಣೆಯಲ್ಲಿ ಸಹಾಯಕನೊಬ್ಬ ಬಕೆಟ್ ಇಟ್ಟುಕೊಂಡು ಕಾದಿದ್ದ. 48 ರಾಜ್ಯಗಳ ಚುನಾವಣಾ ಕಾನೂನುಗಳನ್ನು ಓದುತ್ತ ಓದುತ್ತ 24 ಗಂಟೆ 18 ನಿಮಿಷ ದಾಟಿಸಿದರು. ಅವರು ಕೂತ ಎರಡು ಗಂಟೆಯೊಳಗೆ ಮಸೂದೆ ಪಾಸಾಯಿತು. ಕಪ್ಪು ಮನೆಕೆಲಸದಾಕೆಯಲ್ಲಿ ತನಗೆ ಹುಟ್ಟಿದ ಮಗಳೊಬ್ಬಳಿದ್ದಾಳೆ ಎಂಬ ವಿಷಯವನ್ನು ಮಾತ್ರ ಅಷ್ಟು ದೀರ್ಘ ಭಾಷಣದಲ್ಲೂ ಹೇಳಲು ಅವರಿಗೆ ಪುರುಸೊತ್ತಾಗಲಿಲ್ಲ. ಅದು ಹೊರಬಿದ್ದದ್ದು 2003ರಲ್ಲಿ, ಅವರು ತೀರಿಕೊಂಡ ಮೇಲೆ.

'ಅಲ್ಪಸಂಖ್ಯಾತರ ರಕ್ಷಣೆಗೆ ಫಿಲಿಬಸ್ಟರ್ ಬೇಕು' ಎಂಬುದು ಇದರ ಭಕ್ತರ ಮಂತ್ರ. ರಕ್ಷಣೆ ಯಾರಿಗೆ ಸಿಕ್ಕಿತು ನೋಡಿ. ಗುಂಪು ಕಟ್ಟಿಕೊಂಡು ಕಪ್ಪು ಜನರನ್ನು ನೇಣು ಹಾಕುವುದನ್ನು ಅಪರಾಧ ಎನ್ನುವ ಮಸೂದೆಯನ್ನು ಕೆಳಮನೆ 1922ರಲ್ಲೇ ಅಂಗೀಕರಿಸಿತ್ತು. ಸೆನೆಟ್‌ನಲ್ಲಿ ಫಿಲಿಬಸ್ಟರ್ ಅದನ್ನು ಮುಗಿಸಿತು. ಅಂಥ ಕಾನೂನು ಕೊನೆಗೂ ಬಂದದ್ದು 2022ರಲ್ಲಿ. 1964ರ ನಾಗರಿಕ ಹಕ್ಕು ಮಸೂದೆಗಂತೂ ಬಾಗಿಲು ತೆರೆಯಲು ಮಿದುಳಿನ ಗೆಡ್ಡೆಯಿಂದ ಮಾತೇ ನಿಂತುಹೋಗಿದ್ದ ಸೆನೆಟರ್ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಬಂದರು. ಹೆಸರು ಕೂಗಿದಾಗ ಅವರು ಕಷ್ಟಪಟ್ಟು ಬೆರಳೆತ್ತಿ ಕಣ್ಣು ತೋರಿಸಿದರು (ಇಂಗ್ಲಿಷಿನಲ್ಲಿ ಕಣ್ಣಿಗೂ 'ಐ', ಒಪ್ಪಿಗೆಗೂ 'ಐ'), ಅದನ್ನೇ 'ಹೌದು' ಎಂದು ಬರೆದುಕೊಂಡರು. ಮುಂದಿನ ತಿಂಗಳು ಅವರು ತೀರಿಕೊಂಡರು. ವಾರಗಟ್ಟಲೆ ಮಾತಾಡಿ ತಡೆದವರ ನಡುವೆ ಮಾತೇ ಬಾರದ ಆ ಮನುಷ್ಯನ ಮತ ನೆನಪಿಡತಕ್ಕದ್ದು.

ಈಗ ಆ ಕಷ್ಟವೂ ಇಲ್ಲ. 1970ರ ದಶಕದಲ್ಲಿ ಸೆನೆಟ್ ಒಂದು ಸುಧಾರಣೆ ತಂದಿತು: ತಡೆದ ಮಸೂದೆಯನ್ನು ಬದಿಗಿಟ್ಟು ಬೇರೆ ಕೆಲಸ ನೋಡಬಹುದು. ಅಲ್ಲಿಗೆ ನಿಂತು ಮಾತಾಡುವ ಕರ್ಮವೂ ತಪ್ಪಿತು. ತಡೆಯುತ್ತೇನೆಂದು ಕಚೇರಿಯಿಂದ ಒಂದು ಇಮೇಲ್ ಹಾಕಿದರೆ ಸಾಕು. ಬಕೆಟ್ ಬೇಡ, ಬೆವರೂ ಬೇಡ. ಹಾಗಿದ್ದೂ ಕ್ಯಾಮೆರಾ ಎದುರು ಗಂಟಲು ಹರಿದುಕೊಳ್ಳುವವರಿದ್ದಾರೆ. 2013ರಲ್ಲಿ ಸೆನೆಟರ್ ಟೆಡ್ ಕ್ರೂಸ್ ಮಕ್ಕಳ ಕಥೆಪುಸ್ತಕವನ್ನೂ ಸೇರಿಸಿಕೊಂಡು 21 ಗಂಟೆಗೂ ಮೀರಿ ಮಾತಾಡಿದರು. ಆಮೇಲೆ ಆಗ ಎದುರಿಗಿದ್ದ ಮಸೂದೆಯನ್ನು ಮುಂದಕ್ಕೊಯ್ಯಲು ಮತಕ್ಕೆ ಹಾಕಿದರೆ 100–0. ಆ ನೂರರಲ್ಲಿ ಕ್ರೂಸ್ ಅವರದೂ ಒಂದು!

ಇನ್ನು ಪಕ್ಷಗಳದ್ದು ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬರಾಕ್ ಒಬಾಮಾ ಸೆನೆಟರಾಗಿದ್ದಾಗ 2006ರಲ್ಲಿ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿ ಅಲಿಟೊ ನೇಮಕದ ವಿರುದ್ಧದ ಫಿಲಿಬಸ್ಟರ್‌ಗೆ ಕೈಜೋಡಿಸಿದರು. 2020ರಲ್ಲಿ ಅದೇ ಫಿಲಿಬಸ್ಟರ್ ಅವರಿಗೆ ವರ್ಣಭೇದ ಕಾಲದ ಪಳೆಯುಳಿಕೆಯಾಗಿ ಕಂಡಿತು. 2013ರಲ್ಲಿ ಡೆಮಾಕ್ರಟರು ಕೆಳ ನ್ಯಾಯಾಲಯಗಳ ನೇಮಕಕ್ಕೆ ಇದನ್ನು ತೆಗೆದಾಗ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಬೊಬ್ಬೆ ಹೊಡೆದರು. 2017ರಲ್ಲಿ ಸುಪ್ರೀಂ ಕೋರ್ಟ್ ನೇಮಕಕ್ಕೂ ಅವರೇ ತೆಗೆದರು. 2025ರಲ್ಲಿ ಸರಕಾರ 43 ದಿನ ಬಾಗಿಲು ಮುಚ್ಚಿದ್ದಾಗ ಟ್ರಂಪ್ ಇದನ್ನು ಕಿತ್ತುಹಾಕಿ ಎಂದರೆ, ಮೂರು ವರ್ಷ ಹಿಂದೆ ಇದನ್ನು ಸಡಿಲಿಸಲು ಮತ ಹಾಕಿದ್ದ ಡೆಮಾಕ್ರಟರು ಅದನ್ನೇ ಹಿಡಿದು ಕೂತಿದ್ದರು.

ಹಾಗೆಂದು ಸೆನೆಟ್‌ನಲ್ಲಿ ಕೆಲಸವೇ ಆಗುವುದಿಲ್ಲ ಎನ್ನಬೇಡಿ. ಬಜೆಟ್‌ಗೆ ಸಂಬಂಧಿಸಿದ ಕೆಲವು ಮಸೂದೆಗಳಿಗೆ ವಿನಾಯಿತಿ ಇದೆ. 2017ರ ತೆರಿಗೆ ಕಡಿತ 51 ಮತಗಳಲ್ಲಿ ಪಾಸಾಯಿತು. 2025ರದ್ದು 50–50 ಆಗಿ, ಉಪಾಧ್ಯಕ್ಷರ ಮತದಿಂದ ದಾಟಿತು. ಸಾಯುವವರೆಗೂ ಕುರ್ಚಿ ಬಿಡಬೇಕಿಲ್ಲದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೂ ಈಗ 51 ಸಾಕು. ಮತದಾನದ ಹಕ್ಕು ಕಾಪಾಡುವ ಮಸೂದೆಗೆ ಮಾತ್ರ 2022ರಲ್ಲಿ 60 ಬೇಕಾಯಿತು. ಸಿಗಲಿಲ್ಲ.