ಮೂರನೆಯ ಬಿಳಿ

ಜಾತ್ರೆ-ನೇಮಗಳ ಋತು ಮುಗಿಯುವ ಪತ್ತನಾಜೆಗೆ ಮೊದಲು ನಾರಾವಿಯಲ್ಲಿ ಪೈಂಟರ್ ಸಿಗುವುದಿಲ್ಲ. ಪತ್ತನಾಜೆ ಕಳೆದ ಮೇಲೆ ಸಿಕ್ಕಿಯೂ ಪ್ರಯೋಜನವಿಲ್ಲ. ದೀಪಾವಳಿ ಮುಗಿಯಿತೆಂದರೆ ಬ್ರಹ್ಮಕಲಶ, ನೇಮ, ಇಗರ್ಜಿಯ ಹಬ್ಬ, ಮದುವೆ, ಒಕ್ಕಲು ಎಂದು ಇಡೀ ಸೀಮೆಯೇ ಬಣ್ಣ ಬಳಿಸಿಕೊಳ್ಳಲು ಸಾಲಾಗಿ ನಿಂತಿರುತ್ತದೆ. ಆಮೇಲೆ ಮಳೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುವ ಈ ಘಟ್ಟದ ಬುಡದಲ್ಲಿ ಒಗೆದ ಲುಂಗಿ ಒಣಗುವುದೇ ಪುಣ್ಯ, ಗೋಡೆಯ ಮಾತು ದೂರ ಉಳಿಯಿತು.

ಹೀಗಾಗಿ ನಮ್ಮ ಮನೆಗೆ ಬಣ್ಣವಾಗುವುದು ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ಆಗುವ ಲೆಕ್ಕದಲ್ಲೇ, ಹನ್ನೆರಡು ವರ್ಷಕ್ಕೊಮ್ಮೆ. 2012ರಲ್ಲಿ ಅಲ್ಲಿ ಅಭಿಷೇಕ, ಇಲ್ಲಿ ಡಿಸ್ಟೆಂಪರ್. 2024ರಲ್ಲಿ ಅಲ್ಲಿಯದು ಸಾಂಗವಾಗಿ ನಡೆದುಹೋಯಿತು. ಇಲ್ಲಿಯದು ಬಾಕಿ ಎಂದು ನನ್ನ ಹೆಂಡತಿ ದಿನಾ ನೆನಪಿಸತೊಡಗಿದಳು. "1604ರಿಂದ ಆ 35 ಅಡಿಯ ಮೂರ್ತಿ ಬಿಸಿಲು ಮಳೆಗೆ ಬಯಲಲ್ಲೇ ನಿಂತಿದೆ. ಅದಕ್ಕೆ ಯಾರಾದರೂ ಎಮಲ್ಶನ್ ಹೊಡೆದರೇನು?" ಎಂದೆ. "ಅವನು ಎಲ್ಲವನ್ನೂ ಬಿಟ್ಟವ. ನೀವು ಮೊದಲು ಆ ಕುರ್ಚಿ ಬಿಡಿ" ಎಂದಳು.

ಬಿಟ್ಟೆ. ಪೈಂಟರ್ ಹುಡುಕಲು ಹೊರಟೆ.

ಮೊದಲು ಬಂದವರು ಅಂಗಳದಲ್ಲಿ ಬೈಕಿನಿಂದ ಇಳಿಯದೆ, "ಲೇಬರ್ ಮಾತ್ರವೋ, ಮೆಟೀರಿಯಲ್ ಸೇರಿಯೋ?" ಎಂದು ಕೇಳಿ, ಚದರಡಿಗೆ ಇಷ್ಟು ಎಂದು ಹೇಳಿ ಹೋದರು. ಇನ್ನೊಬ್ಬರು ವಾಟ್ಸ್ಯಾಪಿನಲ್ಲಿ ವಿಡಿಯೋ ತರಿಸಿಕೊಂಡು, "ಗೋಡೆ ಕೆಡವಿ ಬ್ಲಾಕಿನದ್ದು ಕಟ್ಟುವುದು ಒಳ್ಳೆಯದು" ಎಂದು ಧ್ವನಿಸಂದೇಶ ಕಳಿಸಿದರು. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಮ್ಮತ: ಗೋಡೆ ಕಂಡ ಕೂಡಲೇ, "ಇದನ್ನು ಮೊದಲು ಮಾಡಿದ್ದು ಯಾರು ಮಾರಾಯ್ರೆ?" ಎನ್ನುವುದು. ಪೈಂಟಿಂಗ್ ಕಸುಬಿನ ನಾಂದಿಪದ್ಯ ಇದೇ ಇರಬೇಕು.

ಕೊನೆಗೆ ಸಿಕ್ಕವರು ಆ ಪ್ರಶ್ನೆಯನ್ನೂ ಕೇಳಲಿಲ್ಲ, ದರವನ್ನೂ ಹೇಳಲಿಲ್ಲ. ಚಾವಡಿಗೆ ಬಂದು ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು. ಉಗುರಿನಲ್ಲಿ ಕೆರೆದರು. ಬೆರಳಿಗೆ ಬಂದ ಪುಡಿಯನ್ನು ಉಜ್ಜಿ ನೋಡಿ, "ಮುರಕಲ್ಲು. ಒಳಗೆ ಸುಣ್ಣದ ಗಾರೆ. ಮೇಲೆ ಯಾರೋ ಡಿಸ್ಟೆಂಪರ್ ಕೊಟ್ಟಿದ್ದಾರೆ" ಎಂದರು. ಯಾರೋ ಎಂದರೆ ನಾನು. ಸುಮ್ಮನಿದ್ದೆ.

ಮರುದಿನ ಬಂದು ಚಾವಡಿಯ ಗೋಡೆಯಲ್ಲಿ ಅಲ್ಲಲ್ಲಿ ಕೆರೆದು, ಒಂದೊಂದು ಅಡಿಯ ಐದು ಚೌಕ ಬಳಿದರು. ನಾಲ್ಕು ಸಾಲಾಗಿ ಕಣ್ಣಿನ ಎತ್ತರಕ್ಕೆ. ಐದನೆಯದು ಕೆಳಗೆ, ಹಿಡಿಸೂಡಿ ಒರಗಿಸುವ ಮೂಲೆಯಲ್ಲಿ. "ಹದಿನೈದು ದಿನ ಬಿಡಿ ಮಾಷ್ಟ್ರೆ, ನೋಡುವ" ಎಂದವರೇ ಎಲ್ಲಿಯದೋ ಬ್ರಹ್ಮಕಲಶಕ್ಕೆ ಗೋಪುರ ಬಳಿಯಲು ಹೋಗಿಬಿಟ್ಟರು.

ನೋಡುವ ಎಂದರಲ್ಲ, ನೋಡತೊಡಗಿದೆ. ನಾಲ್ಕೂ ಬಿಳಿ. ನಾಲ್ಕೂ ಬೇರೆ ಬೇರೆ ಬಿಳಿ. ಒಂದನೆಯದು ಸ್ವಲ್ಪ ಮಂಕು. ಎರಡನೆಯದು ಸಭ್ಯ. ಮೂರನೆಯದಕ್ಕೆ ಒಂದು ಗಾಂಭೀರ್ಯ. ನಾಲ್ಕನೆಯದರಲ್ಲಿ ಏನೋ ಅವಸರ. ಬೆಳಿಗ್ಗೆ ಬಿಸಿಲಿಗೆ ನೋಡಿದೆ, ಸಂಜೆ ನೋಡಿದೆ. ರಾತ್ರಿ 6500 ಕೆಲ್ವಿನ್ನಿನ ಎಲ್‌ಇಡಿ ಬಲ್ಬಿನಲ್ಲಿ ಒಂದು ರೀತಿ ಕಂಡದ್ದು, ಅದನ್ನು ತೆಗೆದು 2700ರ ಹಳದಿ ಬಲ್ಬು ಹಾಕಿದರೆ ಬೇರೆಯೇ ಕಂಡಿತು. ಕರೆಂಟು ಹೋದಾಗ ಟಾರ್ಚಿನಲ್ಲಿ ನೋಡಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಒಬ್ಬನ ಕಣ್ಣನ್ನು ನಂಬಬಾರದೆಂಬ ಶಿಸ್ತು ಇರುತ್ತದೆ. ಜನಾಭಿಪ್ರಾಯ ಸಂಗ್ರಹಿಸುವುದೆಂದು ತೀರ್ಮಾನಿಸಿದೆ. ಮತಗಳನ್ನು ಗುರುತು ಹಾಕಲು ಜಾಗ ಬೇಕಲ್ಲ? ಮೂಲೆಯ ಐದನೆಯ ಚೌಕ ಅದಕ್ಕೆಂದೇ ಬಿಟ್ಟಂತಿತ್ತು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೆ.

ಅಡಿಕೆ ಕೊಯ್ಯಲು ಬಂದವನು ತಲೆ ವಾರೆ ಮಾಡಿ ನೋಡಿ, "ಮೂರನೆಯದು. ಮೇಲಿನಿಂದ ಕಂಡರೆ ಗೊತ್ತಾಗುತ್ತದೆ" ಎಂದ. ಮರದ ತುದಿಯಿಂದ ನಮ್ಮ ಚಾವಡಿ ಹೇಗೆ ಕಾಣುತ್ತದೆಂದು ನಾನು ಕೇಳಲಿಲ್ಲ, ಮತ ನನ್ನ ಕಡೆಗಿತ್ತು. ಮೀನಿನ ಸ್ಕೂಟರಿನವನು ಜಗಲಿಯಿಂದಲೇ ಇಣುಕಿ, ನಾಲ್ಕನೆಯದು ಹೊಸ ಬಂಗುಡೆಯ ಹೊಟ್ಟೆಯ ಬಿಳಿ, ಒಂದನೆಯದು ಐಸಿನಲ್ಲಿ ಮೂರು ದಿನ ಮಲಗಿದ್ದು ಎಂದು ತೀರ್ಪು ಕೊಟ್ಟ. ಮೀಟರ್ ರೀಡರ್ ಬಿಲ್ಲು ಹರಿದು ಕೈಗಿಡುತ್ತ "ಎರಡು" ಎಂದರು. ಇಷ್ಟು ಖಚಿತವಾಗಿ ಯಾರೂ ಹೇಳಿರಲಿಲ್ಲ. ಗೌರವದಿಂದ ಎರಡನೆಯದರ ಖಾತೆಗೆ ಗೆರೆ ಎಳೆದೆ. "ಅವರು ಹೇಳಿದ್ದು ಎರಡು ತಿಂಗಳ ಬಿಲ್ಲು ಬಾಕಿ ಉಂಟು ಅಂತ" ಎಂದಳು ಇವಳು ಒಳಗಿನಿಂದ. ಹಾಕಿದ ಮತ ಹಿಂದೆಗೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಪಂಚಾಯತ್ ಸದಸ್ಯರು ಬಂದು, "ಎಲ್ಲವೂ ಒಳ್ಳೆಯದುಂಟು, ಎಲ್ಲರೂ ನಮ್ಮವರೇ" ಎಂದು ಚಹಾ ಕುಡಿದು ಹೋದರು. ವಾರದ ಸ್ವಸಹಾಯ ಸಂಘದ ಸಭೆ ಆ ಸಲ ನಮ್ಮ ಚಾವಡಿಯಲ್ಲಿ. ಕಂತು ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಗೋಡೆಯ ಚರ್ಚೆಯಾಗಿ, ಎರಡನೆಯದಕ್ಕೆ ಸಾಮೂಹಿಕ ಮತ ಬಿತ್ತು. ಬೆಂಗಳೂರಿನಿಂದ ಭಾವ ವಿಡಿಯೋ ಕರೆಯಲ್ಲಿ, "ಎಲ್ಲವೂ ಹಳದಿ ಕಾಣ್ತಿದೆ" ಎಂದ. ಅನಿವಾಸಿಗಳ ಮತ ರದ್ದು.

ನಿಜವಾದ ಬಿಕ್ಕಟ್ಟು ತಂದದ್ದು ಅಮ್ಮ. ಅವರ ಬಲಗಣ್ಣಿನ ಪೊರೆ ತೆಗೆಸಿಯಾಗಿದೆ, ಎಡಗಣ್ಣಿನದು ಬಾಕಿ. ಪೊರೆಯಿರುವ ಕಣ್ಣಿಗೆ ಬಿಳಿ ಹಳದಿಯತ್ತ ವಾಲುತ್ತದೆ, ಪೊರೆ ತೆಗೆದ ಕಣ್ಣಿಗೆ ನೀಲಿಯತ್ತ. ಅಮ್ಮ ಒಂದೊಂದೇ ಕಣ್ಣು ಮುಚ್ಚಿ ನೋಡಿ, "ಈ ಕಣ್ಣಿಗೆ ಎರಡನೆಯದು ಚಂದ, ಈ ಕಣ್ಣಿಗೆ ಮೂರನೆಯದು" ಎಂದರು. ಒಬ್ಬರಿಗೆ ಒಂದೇ ಮತವೋ, ಕಣ್ಣಿಗೊಂದು ಮತವೋ? ಎರಡನ್ನೂ ಸೇರಿಸಿದರೆ ಎರಡು ಮತ್ತು ಮೂರು ಸಮ ಸಮ. ಆಪರೇಶನ್ ಆದ ಕಣ್ಣೇ ಪ್ರಮಾಣ ಎಂದು ಇವಳು. ಎಂಬತ್ತು ವರ್ಷ ಸೇವೆ ಸಲ್ಲಿಸಿದ ಎಡಗಣ್ಣನ್ನು ಹಾಗೆ ತಳ್ಳಿಹಾಕುವುದು ಅನ್ಯಾಯ ಎಂದು ನಾನು. ಆ ರಾತ್ರಿ ಊಟಕ್ಕೆ ಸಾರು ಮಾತ್ರ ಇತ್ತು.

ಅದರ ಮರುದಿನ ಬೇಸಗೆಯ ಮಳೆ ಗುಡುಗು ಸಮೇತ ಹೊಡೆಯಿತು. ಹಂಚಿನ ಸಂದಿನಿಂದ ಇಳಿದ ನೀರು, ಅಡಿಪಾಯದಿಂದ ಏರಿದ ತೇವ ಎರಡೂ ಗೋಡೆಗೆ ಸೇರಿದವು. ಪೈಂಟರ್ ಕರೆಯದೆಯೇ ಬಂದರು. ಅವರು ಕಾಯುತ್ತಿದ್ದದ್ದು ಈ ಮಳೆಯನ್ನೇ ಎಂದು ಆಗ ತಿಳಿಯಿತು. ಚೌಕಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಒಂದನೆಯದು ಹಕ್ಕಳೆ ಎದ್ದಿತ್ತು. ಎರಡು ಮತ್ತು ನಾಲ್ಕರಲ್ಲಿ ಗುಳ್ಳೆ. ಮೂರನೆಯದರ ಅಂಚು ಪುಟ್ಟಿ ಸಮೇತ ಕಳಚುತ್ತಿತ್ತು. ನಾನು ಅಂಕಿ ಅಂಶ ಮಂಡಿಸಿದೆ: ಎರಡಕ್ಕೂ ಮೂರಕ್ಕೂ ಸಮಬಲ, ಅಮ್ಮನ ಕಣ್ಣಿನ ವಿಷಯ ಇತ್ಯರ್ಥವಾಗಬೇಕು, ನಿಮ್ಮ ಶೇಡ್ ನಂಬರ್ ಹೇಳಿದರೆ...

"ಎಂತ ಶೇಡ್ ಮಾಷ್ಟ್ರೆ? ನಾಲ್ಕೂ ಒಂದೇ ಡಬ್ಬಿ."

ಒಂದನೆಯದು ಹಳೆ ಡಿಸ್ಟೆಂಪರಿನ ಮೇಲೆ ನೇರ. ಎರಡನೆಯದು ಕೆರೆದು, ಪ್ರೈಮರ್ ಕೊಟ್ಟು. ಮೂರನೆಯದು ಪುಟ್ಟಿ ಎಳೆದು, ಪ್ರೈಮರ್ ಕೊಟ್ಟು. ನಾಲ್ಕನೆಯದು ನೀರು ಬೆರೆಸಿ ಸುಣ್ಣದ ಗಾರೆಯ ಮೇಲೆಯೇ. ಯಾವುದು ಈ ಗೋಡೆಗೆ ಹಿಡಿಯುತ್ತದೆಂದು ನೋಡಲು ಹಾಕಿದ್ದು. "ಐದನೆಯದು?" ಎಂದೆ. "ಅದು ಪೈಂಟೇ ಅಲ್ಲ. ಸುಣ್ಣ. ಅದರ ಮೇಲೆ ಮಕ್ಕಳು ಏನೋ ಗೀಚಿದ್ದಾರೆ."

ಮನೆಯಲ್ಲಿ ಮಕ್ಕಳಿಲ್ಲ. ಇವಳು ಅಡುಗೆಮನೆಗೆ ಹೋಗಿ ಪಾತ್ರೆ ಬೀಳಿಸಿಕೊಂಡು ನಗುತ್ತಿರುವುದು ಕೇಳಿಸಿತು. ನಾನು ಬಿಟ್ಟುಕೊಡಲಿಲ್ಲ. ಒಂದೇ ಡಬ್ಬಿಯಿಂದ ಬಂದರೇನು, ಒಂದೇ ತಾಯಿಯ ಮಕ್ಕಳಲ್ಲಿ ಬುದ್ಧಿವಂತ ಬೇರೆ ಇರುವುದಿಲ್ಲವೇ? ಮೂರನೆಯದಕ್ಕೊಂದು ಗಾಂಭೀರ್ಯವಿತ್ತು. ಈಗಲೂ ಹೇಳುತ್ತೇನೆ.

ನನ್ನ ಅಂಕಪಟ್ಟಿ ಹೊತ್ತ ಸುಣ್ಣ ಮಾತ್ರ ಮಳೆಯ ತೇವಕ್ಕೆ ಸ್ವಲ್ಪ ಕಪ್ಪಿಟ್ಟು, ಒಣಗಿದ ಮೇಲೆ ಮೊದಲಿಗಿಂತ ಬೆಳ್ಳಗಾಯಿತು. ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದರೆ ಗಟ್ಟಿ. ಆದರೆ ಮೈಯೆಲ್ಲ ತೂತು, ಮಳೆಗಾಲವಿಡೀ ನೀರು ಕುಡಿಯುತ್ತದೆ. ಕುಡಿದದ್ದು ಬೇಸಗೆಯಲ್ಲಿ ಹೊರಗೆ ಬರಲೇಬೇಕು. ಎಮಲ್ಶನ್ನಿನ ಪೊರೆ ದಾರಿ ಅಡ್ಡಗಟ್ಟಿದರೆ ನೀರು ಅದನ್ನೇ ದೂಡಿಕೊಂಡು ಬರುತ್ತದೆ. ಸುಣ್ಣ ಬಿಟ್ಟುಕೊಡುತ್ತದೆ. "ಗೋಡೆಗೆ ಉಸಿರಾಟ ಬೇಕಲ್ಲ ಮಾಷ್ಟ್ರೆ" ಎಂದರು. ಚಿಪ್ಪಿನ ಸುಣ್ಣ ತಂದು ಹಂಡೆಯಲ್ಲಿ ನೀರು ಹೊಯ್ದಾಗ ಅದು ಬುಸುಗುಟ್ಟಿ ಕುದಿಯಿತು. ನಾನು ಉತ್ಸಾಹದಿಂದ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಗೋಡೆಯ ಮೇಲೆ ಪುನಃ ಕಲ್ಲಾಗುವುದು, ಅದರ ಸಮೀಕರಣ ಎಂದು ಶುರುಮಾಡಿದೆ. "ಕಣ್ಣಿಗೆ ಹಾರುತ್ತದೆ, ದೂರ ನಿಲ್ಲಿ" ಎಂದರು. ಅಷ್ಟು ವರ್ಷ ಕರಿಹಲಗೆಯ ಮೇಲೆ ಸರಿದೂಗಿಸಿದ್ದನ್ನು ಅವರು ಒಂದು ಚಿಟಿಕೆ ನೀಲಿ ಹಾಕಿ ಸೋಸಿ ಮುಗಿಸಿದರು.

ಜಂತಿ, ಪಕ್ಕಾಸುಗಳಿಗೆ ಗೇರೆಣ್ಣೆ ಬಳಿದರು. ಗೆದ್ದಲಿಗೆ ಆಗದ ಆ ವಾಸನೆ ಬೆಕ್ಕಿಗೂ ಆಗದೆ ಅದು ವಾರಗಟ್ಟಲೆ ಪಕ್ಕದ ಮನೆಯಲ್ಲಿ ಉಳಿಯಿತು. ನೆಲದ ರೆಡ್ ಆಕ್ಸೈಡಿಗೆ ಕೈ ಹಚ್ಚಲು ಅವರು ಒಪ್ಪಲಿಲ್ಲ, ನಾನು ಒತ್ತಾಯಿಸಲಿಲ್ಲ.

ಕೊನೆಗೆ ಉಳಿದದ್ದು ಮುಂಬಾಗಿಲು. ಹಲಸಿನ ಮರದ್ದು, ಮೇಲೆ ಹಸಿರು ಎನಾಮಲ್. ಉಜ್ಜಿದಂತೆ ಹಸಿರಿನಡಿ ನೀಲಿ, ನೀಲಿಯಡಿ ಕೆಂಪು. ಅಕ್ಕನ ಮದುವೆಯದ್ದು ನೀಲಿ, ಅಜ್ಜನ ಕಾಲದ್ದು ಕೆಂಪು ಎಂದು ನಾನು ಜಗಲಿಯಲ್ಲಿ ಕುಳಿತು ಇತಿಹಾಸ ಹೇಳುತ್ತಿದ್ದೆ. ಅವರು ಕೆಮ್ಮುತ್ತಿದ್ದರು. ರೆಪ್ಪೆಯ ಮೇಲೆ ಹಸಿರು ಹುಡಿ ಕೂತಿತ್ತು. "ಧೂಳಿನದ್ದು. ಸುಮಾರು ವರ್ಷದಿಂದ ಉಂಟು" ಎಂದರು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ; ಜಾರಿಯಾದದ್ದು 2017ರ ನವೆಂಬರ್ 1ರಿಂದ. ಹೊಸ ಡಬ್ಬಿಯ ಮೇಲೆ ಅದು ಅಚ್ಚಾಗಿರುತ್ತದೆ. ಅಜ್ಜನ ಬಾಗಿಲಿನ ಮೇಲೆ ಅಚ್ಚಾಗಿರುವುದಿಲ್ಲ. ಹಳೆ ಎನಾಮಲ್ಲುಗಳಲ್ಲಿ ಸೀಸ ಮಾಮೂಲು, ಒಣದಾಗಿ ಉಜ್ಜಿದರೆ ಅದು ಹುಡಿಯಾಗಿ ಹೋಗುವುದು ಉಜ್ಜುವವನ ಎದೆಗೆ. ಅದೇ ಹೊತ್ತಿಗೆ ಭಾವನ ಕರೆ ಬಂತು: "ಇನ್ನೂ ಮುಗಿದಿಲ್ವಾ? ಮೆಷಿನ್ ಹಾಕಿ ಉಜ್ಜಿಸಿ, ಒಂದು ಗಂಟೆ ಕೆಲಸ." ಫೋನ್ ಇಟ್ಟುಬಿಟ್ಟೆ. ನಮ್ಮೂರಿನ ಯಾವ ಎಸ್ಟಿಮೇಟನ್ನೇ ತೆಗೆಯಿರಿ, ಪುಟ್ಟಿಗೆ ಒಂದು ಸಾಲು, ಪ್ರೈಮರಿಗೆ ಒಂದು ಸಾಲು, ಟಚಪ್ಪಿಗೂ ಒಂದು ಸಾಲು ಇರುತ್ತದೆ. ಮೂಗಿಗೆ ಸಾಲು ಇರುವುದಿಲ್ಲ. ಗೋಡೆಗೆ ಉಸಿರಾಟ ಬೇಕೆಂದ ಮನುಷ್ಯ ತನ್ನದನ್ನು ಚದರಡಿಯ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಾಗಿಲಿಗೆ ನೀರು ಹಾಕಿ, ಒದ್ದೆ ಮಾಡಿಯೇ ಉಜ್ಜುವುದೆಂದಾಯಿತು. ಕೆಲಸ ಎರಡು ಪಟ್ಟು ಹೊತ್ತು ಹಿಡಿಯಿತು, ಕೂಲಿಯೂ ಹಾಗೆಯೇ ಲೆಕ್ಕ ಹಾಕಿದೆವು. ಎನ್-95 ಮಾಸ್ಕು ತಂದುಕೊಟ್ಟರೆ ಅವರು ಅದನ್ನು ಗಲ್ಲಕ್ಕೆ ಹಾಕಿಕೊಂಡರು. ಗಂಟೆಗೊಮ್ಮೆ ಇವಳು ಹೊರಗೆ ಬಂದು "ಮೇಲೆ ಏರಿಸಿ" ಎನ್ನುವಳು, ಅವರು ಏರಿಸುವರು, ಇವಳು ಒಳಗೆ ಹೋಗುವಳು, ಅದು ಇಳಿಯುವುದು.

ಪತ್ತನಾಜೆಗೆ ಒಳಗಿನದು ಮುಗಿಯಿತು. ಹೊರಗೋಡೆಗೆ ದೀಪಾವಳಿ ಕಳೆದು ಬರುತ್ತೇನೆಂದರು. ಮುಂಗಡ ತೆಗೆದುಕೊಳ್ಳುವಾಗ ಒಂದೇ ಷರತ್ತು: ಆ ಪೆನ್ಸಿಲನ್ನು ಅವರ ಕೈಗೆ ಒಪ್ಪಿಸಬೇಕು. ಒಪ್ಪಿಸಿದೆ. ಇನ್ನೊಂದು ಮೇಜಿನ ಖಾನೆಯಲ್ಲಿ ಉಂಟು.