ವರ್ಗ-ಟ್ಯಾಗು ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಪಂಡಿತರು ಪುಟ ಮಗುಚುವುದಿಲ್ಲ. ಈ ಗ್ರಂಥದ ವಿಷಯ: ಬರೆದ ಬರಹಕ್ಕೆ ವರ್ಗ ಯಾವುದು, ಟ್ಯಾಗು ಯಾವುವು ಎಂಬುದು. ಪ್ರಯೋಜನ: ಬರೆದದ್ದು ಮತ್ತೆ ಕೈಗೆ ಸಿಗುವುದು. ಸಂಬಂಧ: ಬರಹಕ್ಕೂ ಅದನ್ನು ಹುಡುಕುವವರಿಗೂ ಇರಬೇಕಾದ, ಸದ್ಯಕ್ಕೆ ಕಡಿದುಹೋಗಿರುವ ನಂಟು. ಅಧಿಕಾರಿ: ತನ್ನ ಲೇಖನವನ್ನು ತಾನೇ ಹುಡುಕಿ ಸೋತು, ಕೊನೆಗೆ ಗೆಳೆಯನಿಗೆ ಫೋನ್ ಹಚ್ಚಿ, 'ಹೋದ ಯುಗಾದಿಗೆ ನಿನಗೊಂದು ಕಳಿಸಿದ್ದೆನಲ್ಲ, ಅಳಿಸಿಲ್ಲ ತಾನೆ?' ಎಂದು ಅಂಗಲಾಚಿದ ಪ್ರತಿಯೊಬ್ಬ ಲೇಖಕ.

ಸೂತ್ರ 1: ವರ್ಗ ಒಂದು, ಟ್ಯಾಗು ಕೆಲವು.

ಭಾಷ್ಯ: ಬರಹ ಯಾವ ಬಗೆಯದು ಎಂಬ ಪ್ರಶ್ನೆಗೆ ಉತ್ತರ ವರ್ಗ. ಅದರಲ್ಲಿ ಯಾರಿದ್ದಾರೆ, ಏನಿದೆ ಎಂಬ ಪ್ರಶ್ನೆಗೆ ಉತ್ತರ ಟ್ಯಾಗು. 'ಚೋಮನ ದುಡಿ' ಕಾದಂಬರಿಯ ಮೇಲೆ ಲೇಖನ ಬರೆದಿದ್ದೀರಿ ಎನ್ನೋಣ. ವರ್ಗ: ಪುಸ್ತಕ ವಿಮರ್ಶೆ. ಟ್ಯಾಗು: ಶಿವರಾಮ ಕಾರಂತ, ಅಸ್ಪೃಶ್ಯತೆ, ದಕ್ಷಿಣ ಕನ್ನಡ. ಬೆರಳು ನೋಯುತ್ತದೆಂದು ಬರೀ 'ಕಾರಂತ' ಎಂದು ಹಚ್ಚುವವರು ಗಮನಿಸಬೇಕು: ಇದೇ ಕಾದಂಬರಿಯನ್ನು 1975ರಲ್ಲಿ ತೆರೆಗೆ ತಂದವರು ಬಿ.ವಿ. ಕಾರಂತ. ಒಬ್ಬ ಕಾರಂತರನ್ನು ಹುಡುಕಿಕೊಂಡು ಬಂದವರಿಗೆ ಇನ್ನೊಬ್ಬ ಕಾರಂತರು ಸಿಕ್ಕರೆ ಸಾಂಸ್ಕೃತಿಕವಾಗಿ ಲಾಭವೇ. ಆದರೆ ಬಂದ ಕೆಲಸ ಆಗಲಿಲ್ಲ.

ಇಲ್ಲಿ ಪೂರ್ವಪಕ್ಷ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಸಕಲ ಜ್ಞಾನವನ್ನೂ ಹತ್ತು ಭಾಗ ಮಾಡಿ, ಒಂದೊಂದಕ್ಕೂ ಅಂಕಿ ಕೊಟ್ಟು ಕೂರಿಸಿದ. ಟ್ಯಾಗಿನ ಗೊಡವೆಯೇಕೆ, ವರ್ಗವೇ ಸಾಲದೆ ಎಂಬುದು ಈ ಪಕ್ಷದ ವಾದ. ಸಾಲುತ್ತದೆ, ಯಾರಿಗೆ ಎಂಬುದು ಪ್ರಶ್ನೆ. ಸಾಹಿತ್ಯಕ್ಕೆ ಮೀಸಲಾದ 800ರೊಳಗೆ ಇಂಗ್ಲಿಷ್ ಸಾಹಿತ್ಯಕ್ಕೆ ಹಾಸಿ ಹೊದೆಯುವಷ್ಟು ಜಾಗವಿರುವ 820. ನಮ್ಮ ಪಂಪ, ಅಲ್ಲಮ, ಕುಮಾರವ್ಯಾಸ, ಬೇಂದ್ರೆ ಎಲ್ಲಿ? 890 ಎಂಬ 'ಇತರ ಭಾಷೆಗಳ' ಬಿಡಾರದಲ್ಲಿ, ದಶಮಾಂಶ ಬಿಂದುವನ್ನೂ ದಾಟಿ, 894.814ರಲ್ಲಿ. ಸಾವಿರ ವರ್ಷ ಮೀರಿದ ಸಾಹಿತ್ಯದ ಮನೆ ನಂಬರು ಇದು. ಆದಕಾರಣ ವರ್ಗವನ್ನು ಯಾರು ಮಾಡುತ್ತಾರೋ ಅವರ ಮನೆ ಊರ ನಡುವೆಯೇ ಇರುತ್ತದೆ ಎಂದು ತಿಳಿಯತಕ್ಕದ್ದು.

ಉತ್ತರಪಕ್ಷ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್, ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆ ಕಂಡರು. ಅವೇ ತುಂಡುಗಳು, ಜೋಡಿಸಿದಂತೆ ಬೇರೆ ಬೇರೆ ಆಕಾರ. ಪುಸ್ತಕದ ವಿಷಯವನ್ನೂ ಹೀಗೇಕೆ ಜೋಡಿಸಬಾರದು ಎಂದು ಹುಟ್ಟಿದ್ದು ಅವರ ಕೋಲನ್ ವರ್ಗೀಕರಣ. ಪ್ರಕಟವಾದದ್ದು 1933ರಲ್ಲಿ, ಅಂದರೆ 'ಚೋಮನ ದುಡಿ' ಬಂದ ವರ್ಷವೇ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬುದು ಅವರ ಪಂಚಮುಖ. ನಮ್ಮ ಉದಾಹರಣೆಗೆ ಹಚ್ಚಿ ನೋಡಿದರೆ, ವ್ಯಕ್ತಿತ್ವ ಚೋಮ, ದ್ರವ್ಯ ದುಡಿ, ಶಕ್ತಿ ಅದರ ಬಡಿತ, ದೇಶ ದಕ್ಷಿಣ ಕನ್ನಡ, ಕಾಲ ಬ್ರಿಟಿಷರದು. ಗ್ರಂಥಾಲಯ ವಿಜ್ಞಾನಿಗಳು ಈ ಅನ್ವಯವನ್ನು ಕಂಡು ಕಣ್ಣು ಕೆಂಪಗೆ ಮಾಡಬಹುದು. ಲೇಖಕನಿಗಂತೂ ಐದು ಟ್ಯಾಗು ಸಿಕ್ಕವು. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಇಷ್ಟಾದರೂ ಈ ಊರಿನ ಲೇಖಕರ ಕಂಪ್ಯೂಟರುಗಳಲ್ಲಿ 'ಹೊಸದು', 'ಹೊಸದು-2', 'ಕಡೇದು', 'ನಿಜವಾಗಿ ಕಡೇದು' ಎಂಬ ಚತುರ್ವರ್ಗವೇ ನೆಲೆಸಿರುವುದು ಕಲಿಪ್ರಭಾವ.

ಸೂತ್ರ 2: ಟ್ಯಾಗಿಗೆ ದೋಷ ಮೂರು.

ಭಾಷ್ಯ: ತಾರ್ಕಿಕರು ಹಸುವಿಗೆ ಲಕ್ಷಣ ಹೇಳಹೊರಟು ಈ ಮೂರನ್ನೂ ಆಗಲೇ ಕಂಡಿದ್ದಾರೆ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಬರುತ್ತದೆ; ಇದು ಅತಿವ್ಯಾಪ್ತಿ. ಕಪಿಲ ಬಣ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಸೀಳದ ಗೊರಸುಳ್ಳದ್ದು ಎಂದರೆ ಒಂದು ಹಸುವೂ ಸಿಗದು, ಇದು ಅಸಂಭವ. ಕನ್ನಡ ಬರಹಕ್ಕೆ 'ಕನ್ನಡ', 'ಜೀವನ', 'ಚಿಂತನೆ' ಎಂದು ಟ್ಯಾಗು ಹಚ್ಚುವುದು ಅತಿವ್ಯಾಪ್ತಿ. 'ಸಾಗರದ ಸೋದರತ್ತೆಯ ಅಪ್ಪೆಹುಳಿ' ಎಂಬುದು ಅವ್ಯಾಪ್ತಿ. ಸಿರಸಿಯ ಅಪ್ಪೆಹುಳಿಗೂ ಅಲ್ಲಿ ಎಲೆ ಹಾಕುವುದಿಲ್ಲ. ಮಣ್ಣಿನ ಫಲವತ್ತತೆಯ ಲೇಖನಕ್ಕೆ, ನಾಲ್ಕು ಜನ ಬರಲಿ ಎಂದು, ಆ ವಾರ ಸಿನಿಮಾ ಬಿಡುಗಡೆಯಾದ ನಟನ ಹೆಸರು ಅಂಟಿಸುವುದು ಅಸಂಭವ. ಬಂದ ನಾಲ್ವರೂ ಬೈದುಕೊಂಡು ಹೋಗುವುದು ಅದರ ಫಲ.

ಸೂತ್ರ 3: ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು.

ಭಾಷ್ಯ: ಕತೆ ಎಂದರೂ ಸರಿ, ಕಥೆ ಎಂದರೂ ಸರಿ ಎನ್ನುವಷ್ಟು ಕನ್ನಡ ಉದಾರಿ. ಯಂತ್ರ ಉದಾರಿಯಲ್ಲ, ಅದಕ್ಕೆ ಇವೆರಡು ಬೇರೆ ಟ್ಯಾಗು, ಬೇರೆ ಪಟ್ಟಿ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಮಾಸ್ತಿ ಮತ್ತು ಶ್ರೀನಿವಾಸ ಅದರ ಪಾಲಿಗೆ ಪರಸ್ಪರ ಪರಿಚಯವೇ ಇಲ್ಲದ ನಾಲ್ವರು. ಇದಕ್ಕಿಂತ ಸೂಕ್ಷ್ಮವಾದ ಮಾಯೆಯೊಂದಿದೆ. 'ಬೆಂಗಳೂರು' ಬರೆಯುವಾಗ ಸೊನ್ನೆಯ ಜಾಗದಲ್ಲಿ ಕೆಲವರು ಅನುಸ್ವಾರದ ಬದಲು ಕನ್ನಡದ ಅಂಕಿ ೦ ಒತ್ತುತ್ತಾರೆ. 'ಕರ್ನಾಟಕ'ದ ಅರ್ಕಾವತ್ತಿಗೆ ಅಂಕಿ ೯ ಹಾಕುತ್ತಾರೆ. ಓದುವವರಿಗೆ ಭೇದ ಕಾಣದು. ಯಂತ್ರವೋ, ಊರಿನ ಹೆಸರಿನ ಮಧ್ಯೆ ಸೊನ್ನೆಯನ್ನೂ ನಾಡಿನ ಹೆಸರಿನ ಮಧ್ಯೆ ಒಂಬತ್ತನ್ನೂ ಕಂಡು, ಇದು ಯಾವುದೋ ಲೆಕ್ಕವೆಂದು ದೂರ ಇಡುತ್ತದೆ. ಹಗ್ಗದಲ್ಲಿ ಹಾವನ್ನು ಕಂಡ ವೇದಾಂತಿಗೆ ದೀಪ ತಂದರೆ ಭ್ರಮೆ ಹರಿಯುತ್ತಿತ್ತು. ಇಲ್ಲಿ ಭೇದವೇ ಸತ್ಯವಾದ್ದರಿಂದ ಎಷ್ಟು ದೀಪ ತಂದರೂ ಪ್ರಯೋಜನವಿಲ್ಲ, ಅಳಿಸಿ ಬರೆಯಬೇಕು.

ಸೂತ್ರ 4: 'ಇತರೆ' ಎಂಬುದು ಅಭಾವ.

ಭಾಷ್ಯ: ಕಣಾದರು ಎಣಿಸಿದ ಪದಾರ್ಥಗಳು ಆರು, ಆಮೇಲೆ ಬಂದವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಲೇಖಕರೂ ಆರು ವರ್ಗ ಮಾಡಿ ಏಳನೆಯದಾಗಿ 'ಇತರೆ'ಯನ್ನು ಸೇರಿಸುತ್ತಾರೆ. ಅದು ಮನೆಯ ಅಟ್ಟದಂತೆ: ಹಾಕುವುದು ಸುಲಭ, ಇಳಿಸುವವರಿಲ್ಲ. ವರ್ಷ ಕಳೆಯುವುದರೊಳಗೆ ಮೊದಲಿನ ಆರೂ ಬಡಕಲಾಗಿ ಅಭಾವವೊಂದೇ ದಷ್ಟಪುಷ್ಟವಾಗಿ ಬೆಳೆದಿರುತ್ತದೆ. ಡ್ಯೂಯಿ ನಮ್ಮನ್ನು 'ಇತರ'ಕ್ಕೆ ತಳ್ಳಿದನೆಂದು ಕೆರಳುವ ನಾವು, ನಮ್ಮ ಅರ್ಧ ಬರಹಗಳನ್ನು ನಾವೇ ಅಲ್ಲಿಗೆ ತಳ್ಳುತ್ತಿದ್ದೇವೆ.

ಸಿದ್ಧಾಂತ: ವರ್ಗಗಳು ಕೈಬೆರಳಲ್ಲಿ ಎಣಿಸುವಷ್ಟಿರಲಿ. ಎರಡನೆಯ ಬರಹಕ್ಕೆ ಬಾರದ ಟ್ಯಾಗು ಟ್ಯಾಗಲ್ಲ, ಶೀರ್ಷಿಕೆಯ ತಂಗಿ. ಒಂದು ಹೆಸರಿಗೆ ಒಂದೇ ಕಾಗುಣಿತ; ಅದರ ಪಟ್ಟಿ ಬರೆದಿಟ್ಟುಕೊಳ್ಳಿ, ಹೊಸ ಟ್ಯಾಗು ಹುಟ್ಟಿಸುವ ಮುನ್ನ ಆ ಪಟ್ಟಿ ನೋಡಿ. 'ಇತರೆ'ಯಲ್ಲಿ ಒಂದೇ ಬಗೆಯ ಬರಹ ನಾಲ್ಕು ಕಂಡರೆ ಅವಕ್ಕೊಂದು ವರ್ಗ ಕೊಟ್ಟು ಹೊರಗೆ ಕಳಿಸಿ. ಎಲ್ಲಕ್ಕಿಂತ ಮಿಗಿಲಾಗಿ, ಟ್ಯಾಗು ಲೇಖಕರ ಬಿರುದಾವಳಿಯಲ್ಲ. ಹುಡುಕುವವರ ಬಾಯಲ್ಲಿ ಯಾವ ಮಾತು ಬರುತ್ತದೋ ಅದೇ ಟ್ಯಾಗು. ಇದನ್ನು ಒಪ್ಪದವರು ಪ್ರತಿಗ್ರಂಥ ರಚಿಸಬಹುದು. ಅದನ್ನು 'ಇತರೆ'ಯಲ್ಲಿ ಮಾತ್ರ ಇಡಬೇಡಿ. ಖಂಡಿಸಲಿಕ್ಕಾದರೂ ನಮಗೆ ಸಿಗಬೇಕಲ್ಲ.