ಪೂರ್ಣನಾಮ ರಾಯರು

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಡೇಟಾಬೇಸ್ ಕಾಯುವ ಡಿಬಿಎ ಎಂಬ ಜೀವಿ ಒಂದಾದರೂ ಇರುತ್ತದೆ. ಹುಡುಗರು ‘ಪೂರ್ಣನಾಮ ರಾಯರು’ ಎಂದು ಅಡ್ಡಹೆಸರಿಟ್ಟಿರುವುದು ಅಂಥವರೊಬ್ಬರಿಗೆ. “ಸರ್, ಆರ್ಡರ್ಸ್ ಟೇಬಲ್ ಖಾಲಿ ಮಾಡ್ಬೇಕಿತ್ತು” ಎಂದು ಹೋದವನನ್ನು ಕನ್ನಡಕದ ಮೇಲಿಂದ ನೋಡುತ್ತಾರೆ. “ಯಾವ ಆರ್ಡರ್ಸಪ್ಪಾ? ಯಾವ ಸರ್ವರ್ರು, ಯಾವ ಡೇಟಾಬೇಸು, ಯಾವ ಸ್ಕೀಮಾ?” ಹುಡುಗನ ಊಟದ ಹೊತ್ತು ಅಲ್ಲಿಗೆ ಹೋಯಿತು.

ಹೆಸರೆಂದರೆ ಪೂರ್ತಿ ಹೆಸರೇ ಆಗಬೇಕೆಂಬ ಅವರ ವಾದಕ್ಕೆ ದೇವೇಗೌಡರೇ ಸಾಕ್ಷಿ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಹೆಸರು. “ಹಾಸನದ ಬಸ್‌ಸ್ಟ್ಯಾಂಡಲ್ಲಿ ಬರೀ ‘ಗೌಡ್ರೇ’ ಅಂತ ಕೂಗಿ ನೋಡು!”

2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಸಂಗವನ್ನಂತೂ ಹರಿಕಥೆಯಂತೆ ಹೇಳುತ್ತಾರೆ. ಎಂಜಿನಿಯರೊಬ್ಬರು ಎರಡನೇ ಸರ್ವರ್ ಎಂದುಕೊಂಡು ಒಂದನೆಯದರ ಡೇಟಾ ಅಳಿಸಿಬಿಟ್ಟರು. ಸುಮಾರು ಆರು ಗಂಟೆಯ ದತ್ತಾಂಶ ಮರಳಿ ಸಿಗಲಿಲ್ಲ. ಇಲ್ಲಿ ರಾಯರು ನಿಲ್ಲಿಸಿ ನೀರು ಕುಡಿಯುತ್ತಾರೆ. ಕೇಳುವವರು ಏಳುವಂತಿಲ್ಲ.

ಬೈದುಕೊಳ್ಳುವವರೂ ಒಂದು ರಾತ್ರಿಯನ್ನು ಮರೆತಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಬರೀ ಟೇಬಲ್ ಹೆಸರು ಕೊಟ್ಟರೆ ಅದು ‘ಸರ್ಚ್ ಪಾತ್’ ಎಂಬ ಪಟ್ಟಿಯಲ್ಲಿರುವ ಸ್ಕೀಮಾಗಳನ್ನು, ಅಂದರೆ ಟೇಬಲ್‌ಗಳ ಗುಂಪುಗಳನ್ನು, ಒಂದೊಂದಾಗಿ ತಡಕುತ್ತದೆ. ಮೊದಲು ಸಿಕ್ಕಿದ್ದೇ ಅದರ ಪಾಲಿಗೆ ಸರಿ. ಹುಡುಗನೊಬ್ಬನ ಪಟ್ಟಿಯಲ್ಲಿ ಮೊದಲು ‘ಟೆಸ್ಟ್’, ನಂತರ ‘ಪಬ್ಲಿಕ್’ ಇತ್ತು. ಟೆಸ್ಟ್‌ನಲ್ಲಿದ್ದ ಕಸ್ಟಮರ್ಸ್ ಟೇಬಲನ್ನು ಸಂಜೆಯೇ ಯಾರೋ ತೆಗೆದುಹಾಕಿದ್ದರು. ಅವನ ಸ್ಕ್ರಿಪ್ಟ್ ಕಸ್ಟಮರ್ಸ್ ಟೇಬಲ್ ಖಾಲಿ ಮಾಡಲು ‘ಟ್ರಂಕೇಟ್’ ಎಂದಿತು. ಪೋಸ್ಟ್‌ಗ್ರೆಸ್ ತಕರಾರಿಲ್ಲದೆ ಪಬ್ಲಿಕ್‌ಗೆ ಹೋಗಿ ನಿಜವಾದ ಗ್ರಾಹಕರನ್ನೆಲ್ಲ ಗುಡಿಸಿತು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಬಿಗಿನ್’ ಹಾಕಲೇಬೇಕೆಂದು ಹಠ ಹಿಡಿದವರು ರಾಯರೇ. ಅದರಿಂದಾಗಿ ಬದಲಾವಣೆ ಇನ್ನೂ ಖಾಯಂ (ಕಮಿಟ್) ಆಗಿರಲಿಲ್ಲ, ‘ರೋಲ್‌ಬ್ಯಾಕ್’ ಎಂದೊಡನೆ ಎಲ್ಲ ಮರಳಿತು. ಒರಾಕಲ್ ಅಥವಾ ಮೈಎಸ್‌ಕ್ಯೂಎಲ್ ಆಗಿದ್ದರೆ ಟ್ರಂಕೇಟ್ ತಾನೇ ಕಮಿಟ್ ಮಾಡಿಕೊಳ್ಳುತ್ತದೆ, ಬ್ಯಾಕಪ್ಪೇ ಗತಿ. ಮರುದಿನ ಹುಡುಗ ಸಿಹಿ ತಂದ. ರಾಯರು ಮೈಸೂರ್‌ಪಾಕ್ ತಿಂದು, ಮತ್ತೆ ಬೈದರು.

ಅವರ ಸ್ಕ್ರಿಪ್ಟುಗಳಲ್ಲಿ ಸರ್ಚ್ ಪಾತ್ ಪೂರ್ತಿ ಖಾಲಿ. ಸ್ಕೀಮಾ ಬರೆಯದ ಟೇಬಲ್ ಸಿಗುವುದೇ ಇಲ್ಲ. 2018ರಲ್ಲಿ ಒಂದು ಭದ್ರತಾ ದೋಷ ಬಯಲಾದ ಮೇಲೆ ಪೋಸ್ಟ್‌ಗ್ರೆಸ್‌ನವರ ಬ್ಯಾಕಪ್ ಸಾಧನ ‘ಪಿಜಿ ಡಂಪ್’ ಕೂಡ ಹೀಗೇ ಖಾಲಿ ಮಾಡತೊಡಗಿತು. ತನ್ನನ್ನು ಕೇಳಿಯೇ ಮಾಡಿದರೆಂಬಂತಿತ್ತು ರಾಯರ ಮುಖ.

ಈಗ ಬ್ಯಾಕಪ್ಪನ್ನು ಕ್ಲೌಡ್‌ನವರೇ ನೋಡಿಕೊಳ್ಳುತ್ತಾರೆ. ರಾಯರ ಮೇಜಿನ ಬಳಿ ಮೊದಲಿನ ಸಾಲಿಲ್ಲ, ಹರಿಕಥೆಗೆ ಜನ ಸಾಲದು. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳುವ ಮೊದಲೇ ಸರ್ವರಿನಿಂದ ಸ್ಕೀಮಾದವರೆಗೆ ಎಲ್ಲ ಒಪ್ಪಿಸಿದಳು. ರಾಯರ ಮುಖ ಬಾಡಿತು. ಅಷ್ಟರಲ್ಲಿ ಅವಳೇ, “ಟೇಬಲ್ ಹೆಸರನ್ನ ಕೋಟ್ಸ್ ಒಳಗೆ ಕ್ಯಾಪಿಟಲ್ಲಲ್ಲಿ ಬರೆದಿದೀನಿ ಸರ್, ನಡೆಯತ್ತಲ್ವಾ?” ಎಂದಳು. ಕೋಟ್ಸ್ ಹಾಕದಿದ್ದರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಸಣ್ಣ ಅಕ್ಷರ ಮಾಡಿಕೊಳ್ಳುತ್ತದೆ, ಹಾಕಿದರೆ ಬರೆದದ್ದು ಬರೆದಂತೆ. ಒಂದೇ ಸ್ಕೀಮಾದಲ್ಲಿ ಎರಡು ಆರ್ಡರ್ಸ್ ಹಾಯಾಗಿ ಇರಬಹುದು. ರಾಯರು ಪಕ್ಕದ ಕುರ್ಚಿ ಎಳೆದು, “ಕೂತ್ಕೋಮ್ಮಾ” ಎಂದರು.